ರಜೆ, ರಾಜಿ, ರಾಜೀನಾಮೆ: ಮೂರೂ ಒಂದೇ ಮನೆಯವು

ಕೋಲಾರದಲ್ಲಿ ನಾವು ನಾಲ್ಕು ಜನ ಸಂಜೆ ಒಟ್ಟಿಗೆ ಕೂತು ಇಲಾಖಾ ಪರೀಕ್ಷೆಗೆ ಓದುತ್ತೇವೆ. ಮೊನ್ನೆ ರಜಾ ನಿಯಮಗಳಿಗೆ ಬಂದಾಗ ಒಬ್ಬ ಗೆಳೆಯ ಕೇಳಿದ, ‘ರಜೆ ಅಂತ ಬರೀಬೇಕಾ, ರಜಾ ಅಂತಾನಾ?’ ಅದನ್ನು ಹುಡುಕುತ್ತಾ ಹೋಗಿ ಬರೆದಿಟ್ಟ ಟಿಪ್ಪಣಿ ಇದು.

ಎರಡೂ ಸರಿ. ಆದರೆ ಜಾಗ ಬೇರೆ. ಹೊರಗಿನಿಂದ ಬಂದ ‘ಆ’ಕಾರದ ಪದಗಳನ್ನು ಕನ್ನಡ ಕೊನೆಯಲ್ಲಿ ‘ಎ’ ಮಾಡಿಕೊಳ್ಳುತ್ತದೆ: ಜಿಲ್ಲೆ, ಇಲಾಖೆ, ಖಜಾನೆ, ನಮೂನೆ. ಮುಂದೆ ಇನ್ನೊಂದು ಪದ ಬಂದು ಸೇರಿದರೆ ಎಷ್ಟೋ ಕಡೆ ಹಳೆಯ ‘ಆ’ ಉಳಿಯುತ್ತದೆ: ಜಿಲ್ಲಾ ಪಂಚಾಯಿತಿ, ಇಲಾಖಾ ಪರೀಕ್ಷೆ, ರಜಾ ಅರ್ಜಿ. ಹಾಗಾಗಿ ‘ನಾಳೆ ರಜೆ’, ಆದರೆ ‘ರಜಾ ದಿನ’. ಇಷ್ಟು ನೆನಪಿಟ್ಟರೆ ಗೊಂದಲ ಇರುವುದಿಲ್ಲ.

ಈಗ ಅರ್ಥಕ್ಕೆ ಬರೋಣ, ನನಗೆ ತುಂಬಾ ಇಷ್ಟವಾದ ಭಾಗ ಇದೇ. ಪದದ ಬೇರು ಅರಬ್ಬಿಯದು, ನಮಗೆ ಬಂದದ್ದು ಪಾರ್ಸಿಯ ದಾರಿಯಲ್ಲಿ, ಅರ್ಜಿ, ಹಾಜರಿ, ಮಂಜೂರು ಎಲ್ಲ ಬಂದ ಹಾಗೆ. ಮೂಲದಲ್ಲಿ ರಜಾ ಅಂದರೆ ಒಪ್ಪಿಗೆ. ಕೆಲಸ ಇಲ್ಲದ ದಿನ ಅಂತಲ್ಲ! ಮೇಲಿನವರು ‘ಸರಿ, ಹೋಗಿ ಬಾ’ ಅನ್ನುತ್ತಾರಲ್ಲ, ಆ ಒಪ್ಪಿಗೆಯೇ ರಜೆ. ರಜೆ ಕೇಳುವುದು, ಕೊಡುವುದು ಅನ್ನುವ ಮಾತುಗಳಲ್ಲಿ ಆ ಹಳೆಯ ಅರ್ಥ ಇನ್ನೂ ಕಾಣುತ್ತದೆ, ಅಲ್ವಾ? ಯಾರನ್ನೂ ಕೇಳಬೇಕಿಲ್ಲದ ಭಾನುವಾರಕ್ಕೂ ಬೇಸಿಗೆಗೂ ಆಮೇಲೆ ಅದೇ ಹೆಸರು ಹಬ್ಬಿತು.

‘ರಾಜಿ’ ಕೂಡ ಇದೇ ಬೇರಿನದು. ರಾಜಿಯಾಗುವುದು ಅಂದರೆ ಒಪ್ಪುವುದು. ‘ನಾಮಾ’ ಅಂದರೆ ಬರಹ, ಪತ್ರ. ಅಲ್ಲಿಗೆ ರಾಜೀನಾಮೆ ಅಂದರೆ ಒಪ್ಪಿಗೆ ಪತ್ರ. ಹಿಂದಿ, ಉರ್ದುವಿನಲ್ಲಿ ಇಂದಿಗೂ ಜಗಳ ಬಗೆಹರಿದು ಇಬ್ಬರೂ ಒಪ್ಪಿ ಬರೆದುಕೊಡುವ ಪತ್ರಕ್ಕೇ ಆ ಹೆಸರು, ಕೆಲಸ ಬಿಡುವುದಕ್ಕೆ ಅವರು ‘ಇಸ್ತೀಫಾ’ ಅನ್ನುತ್ತಾರೆ. ಹಾಗಾದರೆ ನಮ್ಮಲ್ಲಿ ಅರ್ಥ ಹೇಗೆ ತಿರುಗಿತು? ಮುಂಬೈ ಪ್ರಾಂತ್ಯದ ಹಳೆಯ ಕಂದಾಯ ಪದ್ಧತಿಯಲ್ಲಿ ಒಂದು ಸುಳಿವಿದೆ. ರೈತ ತನ್ನ ಹಿಡುವಳಿಯನ್ನು ಒಪ್ಪಿ ಬಿಟ್ಟುಕೊಡುವಾಗ ಬರೆದುಕೊಡುತ್ತಿದ್ದದ್ದು ರಾಜೀನಾಮೆ. ಅದೇ ಜಮೀನನ್ನು ವಹಿಸಿಕೊಳ್ಳುವವನು ಬರೆದುಕೊಡುತ್ತಿದ್ದದ್ದು ಕಬೂಲಾಯತಿ. ಜಮೀನು ಬಿಡುವ ಪತ್ರಕ್ಕೂ ಕೆಲಸ ಬಿಡುವ ಪತ್ರಕ್ಕೂ ಜಾಸ್ತಿ ದೂರವಿಲ್ಲ. ಹೋಗುವವರು ತಾವಾಗಿ ಒಪ್ಪಿ ಹೋಗುತ್ತಾರೆ ಅನ್ನುವುದು ಎರಡರಲ್ಲೂ ಇದೆ. ಅದಕ್ಕೇ ಯಾರನ್ನಾದರೂ ಕೆಲಸದಿಂದ ತೆಗೆದರೆ ಅದು ವಜಾ, ರಾಜೀನಾಮೆ ಅಲ್ಲ.

ಇಂಗ್ಲಿಷಿನ ‘ಲೀವ್’ಗೂ ಹಳೆಯ ಅರ್ಥ ಅನುಮತಿಯೇ. ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಮನೆಮಾತಿನವರು ರಜೆಗೆ ‘ಸೆಲವು’ ಅನ್ನುತ್ತಾರೆ. ಅದಕ್ಕೂ ಅಪ್ಪಣೆ ಅನ್ನುವ ಅರ್ಥವಿದೆ, ಬೀಳ್ಕೊಡುವಾಗಲೂ ಅದೇ ಮಾತು. ಆದರೆ ಹುಷಾರು, ಕೆಜಿಎಫ್‌ನ ತಮಿಳು ಗೆಳೆಯರ ಹತ್ತಿರ ‘ಸೆಲವು’ ಅಂದರೆ ಅವರಿಗೆ ಕೇಳಿಸುವುದು ಖರ್ಚು.