ಗುಡ್ಡದ ಅದಿರು, ಕೆಳಗಿನ ಹೊಲದ ಮಣ್ಣು

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಭೀಮಸಮುದ್ರದ ಕಡೆ ಕಬ್ಬಿಣದ ಅದಿರಿನ ಗಣಿ ವಿಚಾರ ಎತ್ತಿದರೆ ಮಾತು ಎಲ್ಲೆಲ್ಲೋ ಹೋಗುತ್ತದೆ. ಲಾರಿ, ದೂಳು, ಕೋರ್ಟು, ಕೆಲಸ, ಪರಿಹಾರ ಎಲ್ಲ ಕಲಸಿಹೋಗಿವೆ. ಬಿಡಿಸಲು ಕಲ್ಲಿನಿಂದಲೇ ಶುರು ಮಾಡಬೇಕು.

ಸುಮಾರು 260 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ನಂಬಿಕೆ ಬಾರದಿದ್ದರೆ ಐಮಂಗಲದ ಹತ್ತಿರದ ಮರಡಿಹಳ್ಳಿಗೆ ಹೋಗಿ ನೋಡಿ. ನೀರಿನೊಳಗೆ ಉಕ್ಕಿದ ಲಾವಾ ದಿಂಬಿನಾಕಾರದಲ್ಲಿ ಗಟ್ಟಿಯಾಗಿ ಹಾಗೇ ನಿಂತಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆ ಸಮುದ್ರದ ನೀರಲ್ಲಿ ಕರಗಿದ್ದ ಕಬ್ಬಿಣ ಪದರ ಪದರವಾಗಿ ತಳಕ್ಕೆ ಕೂತಿತು. ಆಮೇಲೆ ನೆಲ ಮಡಚಿಕೊಂಡಿತು, ಪದರಗಳು ಮೇಲೆದ್ದವು. ಮಳೆನೀರು ಇಳಿದಿಳಿದು ಸಿಲಿಕಾವನ್ನು ತೊಳೆದುಕೊಂಡು ಹೋದ ಕಡೆ ಕಬ್ಬಿಣದ ಅಂಶ ಜಾಸ್ತಿ ಉಳಿಯಿತು. ಅದೇ ಇವತ್ತಿನ ಅದಿರು.

ಹೊಲದ ಮಣ್ಣು ಆಗಿದ್ದೂ ಕಲ್ಲು ಸವೆದೇ. ಲಾವಾದಂಥ, ಸುಣ್ಣ ಮತ್ತು ಮೆಗ್ನೀಷಿಯಂ ಇರುವ ಕಲ್ಲು ಕರಗಿ ತಗ್ಗಿನಲ್ಲಿ ನಿಂತ ಕಡೆ ಎರೆ ಭೂಮಿ. ಗ್ರಾನೈಟ್ ಸವೆದ ಕಡೆ ಮರಳು ಬೆರೆತ ಕೆಂಪು ಮಸಾರಿ. ದಾವಣಗೆರೆ ಸುತ್ತಿನ ಹತ್ತಿ, ಅದನ್ನು ನಂಬಿ ಬಂದ ಮಿಲ್ಲುಗಳು, ಚಳ್ಳಕೆರೆಯ ಶೇಂಗಾ, ಅಲ್ಲಿನ ಎಣ್ಣೆ ಗಿರಣಿಗಳು ಯಾವುದೂ ಸುಮ್ನೆ ಹುಟ್ಟಿದ್ದಲ್ಲ.

ಈ ಕಲ್ಲುಗಳ ಹುಡುಕಾಟವೂ ಹೊಸದಲ್ಲ. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಲಾವಾ, ಅದಿರಿನ ಈ ಶಿಲೆಗಳಿಗೆ ಧಾರವಾಡದ ಹೆಸರಿಟ್ಟರು, 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆಯಿತು, ಮುಂದೆ ಚಿತ್ರದುರ್ಗದ ಹತ್ತಿರದ ಇಂಗಳದಾಳದಲ್ಲಿ ತಾಮ್ರದ ಗಣಿ ನಡೆದು ನಿಂತೂ ಹೋಯಿತು.

ಎಲ್ಲ ಬಿಗಡಾಯಿಸಿದ್ದು 2000ದ ನಂತರ. ಚೀನಾದಲ್ಲಿ ಉಕ್ಕಿನ ಹಸಿವು ಏರಿತು, ಅದಿರಿನ ಬೆಲೆಯೂ ಏರಿತು. ಬೇಡವೆಂದು ಬದಿಗೆ ಸುರಿದಿದ್ದ ಪುಡಿಗೂ ಗಿರಾಕಿ ಬಂದರು. ಹಳ್ಳಿಯ ಹುಡುಗರಿಗೆ ಕೆಲಸ ಸಿಕ್ಕಿತು, ಸಾಲ ಮಾಡಿ ಲಾರಿ ಕೊಂಡವರೂ ಇದ್ದರು. ಇದನ್ನು ಮರೆತು ಮಾತಾಡುವುದು ನ್ಯಾಯವಲ್ಲ. ಆದರೆ ರಸ್ತೆ ಪಕ್ಕದ ಅಡಿಕೆ ತೋಟದ ಸೋಗೆ ಕೆಂಪಾಯಿತು. ಎಲೆಯ ಮೇಲೆ ದೂಳು ಕೂತರೆ ಬಿಸಿಲು ತಾಗುವುದು ಕಡಿಮೆ, ಗಿಡದ ಉಸಿರಾಟಕ್ಕೂ ಅಡ್ಡಿ. ಗಣಿ ತ್ಯಾಜ್ಯದ ರಾಶಿ ಮಳೆಗೆ ಜಾರಿದರೆ ಕೆಳಗಿನ ಹೊಲ, ಕೆರೆಗೇ ಬಂದು ಸೇರಬೇಕು ಅಲ್ವಾ? ಬೇಸಿಗೆಯಲ್ಲಿ ಕೆರೆಯ ಗೋಡು, ಅಂದರೆ ಹೂಳು ಮಣ್ಣು, ಹೊಡೆದು ಹೊಲಕ್ಕೆ ಹಾಕುವ ರೈತನಿಗೆ ಈ ಕಲಬೆರಕೆ ಬೇಡ.

ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿ ನಿಲ್ಲಿಸಿತು, ಆಗಸ್ಟ್ ಕೊನೆಯಲ್ಲಿ ಚಿತ್ರದುರ್ಗ, ತುಮಕೂರಿನದ್ದೂ. ದೂಳು ಇಳಿಯಿತು, ಲಾರಿ ಕಂತು ಮಾತ್ರ ನಿಲ್ಲಲಿಲ್ಲ. 2013ರ ಏಪ್ರಿಲ್ ತೀರ್ಪಿನಲ್ಲಿ ಅಕ್ರಮ ಎಷ್ಟೆಂಬುದರ ಮೇಲೆ ಗಣಿಗಳನ್ನು ಮೂರು ದರ್ಜೆ ಮಾಡಿ, ಕೊನೆಯ ದರ್ಜೆಯ ಗುತ್ತಿಗೆ ರದ್ದು ಮಾಡಿ, ಉಳಿದವಕ್ಕೆ ಷರತ್ತಿನ ಮೇಲೆ ದಾರಿ ಬಿಟ್ಟರು. ಚಿತ್ರದುರ್ಗ, ತುಮಕೂರು ಸೇರಿ ವರ್ಷಕ್ಕೆ 50 ಲಕ್ಷ ಟನ್ ಅದಿರಿನ ಮಿತಿ. ಅದು 70 ಲಕ್ಷವಾಗಿ, 2022ರಲ್ಲಿ 150 ಲಕ್ಷವಾಯಿತು.

2015ರ ಕಾನೂನಿನಿಂದ, ಗಣಿಯಿಂದ ತೊಂದರೆಯಾದ ಜನರಿಗೆ, ಊರುಗಳಿಗೆ ಎಂದು ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಹಳೆಯ ಗುತ್ತಿಗೆಯವರು ಸರ್ಕಾರಕ್ಕೆ ಕಟ್ಟುವ ರಾಯಧನದ (ರಾಯಲ್ಟಿ) ಶೇ 30ರಷ್ಟು ಮೊತ್ತವನ್ನು ಅದಕ್ಕೆ ಕಟ್ಟಬೇಕು. ಆ ದುಡ್ಡಲ್ಲಿ ರಸ್ತೆ, ಕಟ್ಟಡ ಮಾಡುವುದು ಸುಲಭ. ಮೇಲ್ಮಣ್ಣು ಮಾಡುವುದು ಸುಲಭವಲ್ಲ, ಒಂದು ಇಂಚಿಗೆ ನೂರಾರು ವರ್ಷ ಬೇಕು. ಅಗೆಯುವ ಮೊದಲು ಮೇಲ್ಮಣ್ಣನ್ನು ಬೇರೆ ತೆಗೆದಿಟ್ಟು ಮತ್ತೆ ಹರಡಬೇಕೆಂಬ ನಿಯಮ ಗಣಿ ಕಾನೂನಿನಲ್ಲೇ ಇದೆ. ಮಿತಿ ಏರಿಸುವ ಚರ್ಚೆಯಲ್ಲಿ ಅದಿರಿನ ಟನ್ ಲೆಕ್ಕ ಕೇಳುವಷ್ಟು ಜೋರಾಗಿ ಈ ಮಣ್ಣಿನ ಲೆಕ್ಕವನ್ನು ಯಾರೂ ಕೇಳುವುದಿಲ್ಲ.