ಚೈನ್‌ಸಾ ಹಗ್ಗ ಜಗ್ಗಲು ಬಾರದಿದ್ದರೆ: ಪಿಸ್ಟನ್ ಮಾತು ಆಮೇಲೆ, ಮೊದಲು ಪ್ಲಗ್ ಬಿಚ್ಚಿ

ಪ್ರಶ್ನೆ: ನಮ್ಮದು ಹಾನಗಲ್ ತಾಲೂಕಿನ ಹಳ್ಳಿರಿ. ಮಾವಿನ ತೋಟದಾಗ ಟೊಂಗಿ ಕೊಯ್ಯಾಕ, ಬದುವಿನ ಜಾಲಿ ಕಡಿಯಾಕ ಅಂತ 58 ಸಿಸಿ ಚೈನ್‌ಸಾ ತಗೊಂಡೀವಿ. ಮಳಿಗಾಲ ಪೂರಾ ಮೂಲ್ಯಾಗ ಇಟ್ಟಿದ್ವಿ. ಈಗ ತಗದ್ರ ಹಗ್ಗ ಒಂದು ಗೇಣು ಬರತೈತಿ, ಮುಂದ ಗ್ವಾಡಿಗೆ ಬಡದಂಗ ನಿಂತ ಬಿಡತೈತಿ. ಜೋರ್ ಮಾಡಿ ಜಗ್ಗಿದ್ರ ಹಿಡಿಕಿ ಕೈಯಾಗಿಂದ ಕಸಗೊಂಡು ವಾಪಸ್ ಹೋಗತೈತಿ, ಬೆರಳಿಗೆ ಪೆಟ್ಟ ಬೀಳತೈತಿ. ಅಂಗಡ್ಯಾಗ ಕೇಳಿದ್ರ ಪಿಸ್ಟನ್ ಹೋಗೈತಿ, ಬೋರ್ ಕಿಟ್ (ಹೊಸ ಸಿಲಿಂಡರ್, ಪಿಸ್ಟನ್) ಹಾಕಬೇಕು ಅಂತಾರ. ಖರೇನ ಅಷ್ಟು ಕೆಲಸ ಐತೇನ್ರಿ?

ಉತ್ತರ: ನೀವು ಹೇಳಿದ ಲಕ್ಷಣ ನೋಡಿದರೆ ಮೊದಲು ಅನುಮಾನ ಬರುವುದು ಪಿಸ್ಟನ್ ಮೇಲಲ್ಲ, ಪೆಟ್ರೋಲ್ ಮೇಲೆ. ಹಗ್ಗ ಸ್ವಲ್ಪ ದೂರ ಸಲೀಸಾಗಿ ಬಂದು, ಪ್ರತಿ ಸಲವೂ ಒಂದೇ ಜಾಗದಲ್ಲಿ ಗಕ್ಕನೆ ನಿಲ್ಲುತ್ತದೆ ಎಂದರೆ, ಮೇಲೇರುವ ಪಿಸ್ಟನ್ನಿನ ತಲೆಯ ಮೇಲೆ ಏನೋ ತುಂಬಿಕೊಂಡಿದೆ. ಗಾಳಿಯಾದರೆ ಹಿಂಡಿಸಿಕೊಳ್ಳುತ್ತದೆ. ಪೆಟ್ರೋಲ್ ನೀರಿನ ಹಾಗೆ, ಎಷ್ಟು ಒತ್ತಿದರೂ ಕುಗ್ಗುವುದಿಲ್ಲ. ಅಂಥ ಹೊತ್ತಿನಲ್ಲಿ ಮೈ ಬಲ ಹಾಕಿ ಜಗ್ಗಿದರೆ ಹಗ್ಗ ಹರಿಯುತ್ತದೆ, ಇಲ್ಲವೇ ಸ್ಟಾರ್ಟರ್ ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ. ಆದ್ದರಿಂದ ಇನ್ನೊಂದು ಸಲವೂ ಜಗ್ಗಬೇಡಿ. ಸ್ಪಾರ್ಕ್ ಪ್ಲಗ್ (ಕಿಡಿ ಕೊಡುವ ಪ್ಲಗ್) ಬಿಚ್ಚುವ ಪಾನಾ ತಗೊಳ್ಳಿ.

ಸ್ವಿಚ್ ಸ್ಟಾಪ್‌ಗೆ ಹಾಕಿ, ಪ್ಲಗ್ಗಿನ ಟೋಪಿ ಕಿತ್ತು, ಸುತ್ತಲಿನ ಹೊಟ್ಟು ಮಣ್ಣನ್ನು ಬ್ರಶ್‌ನಿಂದ ಝಾಡಿಸಿ. ಇದನ್ನು ಬಿಟ್ಟರೆ ಪ್ಲಗ್ ಬಿಚ್ಚಿದ ಕೂಡಲೇ ಆ ಕಸವೆಲ್ಲ ಬೋರ್, ಅಂದರೆ ಸಿಲಿಂಡರ್ ಒಳಗೆ ಬೀಳುತ್ತದೆ. ಪ್ಲಗ್ ತೆಗೆದ ಮೇಲೆ ಅದರ ತಂತಿಯನ್ನು ತೂತಿನಿಂದ ದೂರ ಸರಿಸಿ. ಯಂತ್ರವನ್ನು ಮಗ್ಗುಲು ಮಾಡಿ, ಪ್ಲಗ್ ತೂತು ಕೆಳಗೆ ಬರುವಂತೆ ಹಿಡಿದು, ಮೊದಲು ನಿಧಾನಕ್ಕೆ, ಆಮೇಲೆ ಚುರುಕಾಗಿ ಎಂಟು ಹತ್ತು ಸಲ ಜಗ್ಗಿ. ಮುಖ ಆ ಕಡೆ ಇರಬಾರದು, ಸುತ್ತ ಬೀಡಿ, ಒಲೆ ಇರಬಾರದು. ಪೆಟ್ರೋಲ್ ಸಿಡಿಯುವಾಗ ಪಕ್ಕದಲ್ಲೇ ಕಿಡಿ ಹಾರಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಸ್ವಿಚ್ ಬಂದ್ ಮಾಡಿ, ತಂತಿ ದೂರ ಇಡಿ ಎಂದು ಒತ್ತಿ ಹೇಳುವುದು ಇದಕ್ಕೇ.

ತೂತಿನಿಂದ ಪಿಚಕ್ಕನೆ ಪೆಟ್ರೋಲ್ ಹಾರಿ, ಹಗ್ಗ ಬೆಣ್ಣೆಯಂತೆ ಬಂದರೆ ನಿಮ್ಮ ಪಿಸ್ಟನ್ ಮೇಲೆ ಹೊರಿಸಿದ ಅಪವಾದ ಹೆಚ್ಚುಕಡಿಮೆ ಹೋಯಿತು. ಪ್ಲಗ್ ಒರೆಸಿ ಒಣಗಿಸಿ, ತುದಿಯ ಸಂದು 0.5 ಮಿ.ಮೀ. ಇದೆಯೇ ನೋಡಿ ಮತ್ತೆ ಹಾಕಿ. ಯಂತ್ರ ತಣ್ಣಗಿದ್ದರೂ ಈ ಸಲ ಚೋಕ್ ಬೇಡ, ಒಳಗೆ ಬೇಕಾದ್ದಕ್ಕಿಂತ ಹೆಚ್ಚೇ ಪೆಟ್ರೋಲ್ ಇದೆ. ಅರ್ಧ ಥ್ರಾಟಲ್‌ನಲ್ಲಿ ಜಗ್ಗಿ. ಮೊದಲು ದಟ್ಟ ಹೊಗೆ ಬರುತ್ತದೆ, ಗಾಬರಿ ಬೇಡ.

ಆದರೆ ಪೆಟ್ರೋಲ್ ಅಲ್ಲಿಗೆ ಹೇಗೆ ಬಂತು ಎಂಬುದನ್ನು ಕಂಡುಹಿಡಿಯದಿದ್ದರೆ ನಾಳೆ ಮತ್ತೆ ಇದೇ ಪಾಡು. ಚೈನ್‌ಸಾ ಕಾರ್ಬೊರೇಟರ್‌ನಲ್ಲಿ ಬೈಕಿನ ಹಾಗೆ ತೇಲುವ ಫ್ಲೋಟ್ ಇರುವುದಿಲ್ಲ. ತೆಳ್ಳನೆಯ ರಬ್ಬರ್ ಪರದೆ (ಡಯಾಫ್ರಾಮ್), ಅದಕ್ಕೆ ತಾಗಿಕೊಂಡ ಪುಟ್ಟ ಸನ್ನೆ, ಅದರ ತುದಿಗೆ ಒಂದು ಸೂಜಿ, ಇಷ್ಟೇ ಪೆಟ್ರೋಲನ್ನು ತಡೆದು ಬಿಡುವುದು. ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿಸಿ ತಿಂಗಳುಗಟ್ಟಲೆ ಇಟ್ಟರೆ ಅದು ಆರಿ ಅಂಟಾಗುತ್ತದೆ, ಸೂಜಿ ತನ್ನ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ, ಪರದೆ ಸೆಟೆಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಬೆರೆತ ಎಥೆನಾಲ್ ಗಾಳಿಯ ತೇವವನ್ನು ಬೇರೆ ಎಳೆದುಕೊಳ್ಳುತ್ತದೆ. ಸೂಜಿ ಸೋರುತ್ತಿರುವಾಗ ಯಂತ್ರವನ್ನು ಬಿಸಿಲಿಗೆ ಇಟ್ಟರೆ ಟ್ಯಾಂಕಿನಲ್ಲಿ ಒತ್ತಡ ಎದ್ದು, ಅದೇ ಪೆಟ್ರೋಲನ್ನು ಎಂಜಿನ್‌ಗೆ ನೂಕುತ್ತದೆ. ಎಲ್ಲ ಒಣಗಿಸಿ ಸ್ಟಾರ್ಟ್ ಮಾಡಿದ ಮೇಲೆ ಒಂದು ರಾತ್ರಿ ಟ್ಯಾಂಕ್ ತುಂಬಿಸಿ ಇಡಿ. ಬೆಳಿಗ್ಗೆ ಹಗ್ಗ ಮತ್ತೆ ನಿಂತರೆ ಕಾರ್ಬೊರೇಟರ್ ತೊಳೆದು, ಡಯಾಫ್ರಾಮ್ ಕಿಟ್ ಮತ್ತು ಸೂಜಿ ಬದಲಿಸಬೇಕು. ಬೋರ್ ಕಿಟ್ಟಿನ ಮುಂದೆ ಇದು ಸಣ್ಣ ಖರ್ಚು.

ಪ್ಲಗ್ ಬಿಚ್ಚಿದರೆ ಹಗುರ, ಹಾಕಿದರೆ ಬಿಗಿ, ಪೆಟ್ರೋಲೂ ಹಾರಲಿಲ್ಲ ಎನ್ನುವವರಿಗೆ ಒಂದು ಮಾತು. ದೊಡ್ಡ ಯಂತ್ರಗಳಲ್ಲಿ ಕೆಲವಕ್ಕೆ ಸಿಲಿಂಡರ್ ಮೇಲೆ ಒಂದು ಸಣ್ಣ ಗುಂಡಿ ಇರುತ್ತದೆ, ಒಳಗಿನ ಒತ್ತಡ ಸ್ವಲ್ಪ ಬಿಡುವ ಡಿಕಂಪ್ರೆಶನ್ ವಾಲ್ವ್. ಜಗ್ಗುವ ಮೊದಲು ಅದನ್ನು ಒತ್ತಬೇಕು, ಎಂಜಿನ್ ಹೊಡೆದಾಗ ತಾನೇ ಮೇಲೆ ಬರುತ್ತದೆ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ರಟ್ಟೆ ನೋಯಿಸಿಕೊಂಡವರಿದ್ದಾರೆ. ನಮ್ಮ ಕಡೆ ಹೆಚ್ಚು ಮಾರಾಟವಾಗುವ 58 ಸಿಸಿ ಯಂತ್ರಗಳಲ್ಲಿ ಬಹಳಷ್ಟಕ್ಕೆ ಈ ಗುಂಡಿ ಇರುವುದಿಲ್ಲ. ಅವು ಸ್ವಭಾವದಲ್ಲೇ ಸ್ವಲ್ಪ ಬಿಗಿ.

ಪ್ಲಗ್ ಬಿಚ್ಚಿದ ಮೇಲೂ ಬಿಗಿ ಇದ್ದರೆ

ಆಗ ದೋಷ ಕಂಪ್ರೆಶನ್ನಿನದಲ್ಲ (ಪಿಸ್ಟನ್ ಮೇಲಿನ ಒತ್ತಡದ್ದಲ್ಲ), ಎಲ್ಲೋ ಏನೋ ತಿಕ್ಕುತ್ತಿದೆ ಅಥವಾ ಹಿಡಿದಿದೆ. ಇಲ್ಲಿ ಊಹೆ ಬೇಡ, ಒಂದೊಂದೇ ಭಾಗ ಕಳಚಿ ನೋಡಿದರೆ ಕಳ್ಳ ತಾನೇ ಸಿಗುತ್ತಾನೆ.

ಮೊದಲು ಚೈನ್ ಬ್ರೇಕ್. ಸರಿಯಿರುವ ಯಂತ್ರದಲ್ಲಿ ಬ್ರೇಕ್ ಹಾಕಿದರೂ ಬಿಟ್ಟರೂ ಹಗ್ಗದ ಬಿಗಿ ಒಂದೇ. ಏಕೆಂದರೆ ನಿಧಾನಕ್ಕೆ ತಿರುಗುವಾಗ ಕ್ಲಚ್ಚಿನ ಶೂಗಳು ಚೈನ್ ಓಡಿಸುವ ಡ್ರಮ್ಮಿಗೆ ತಾಗುವುದೇ ಇಲ್ಲ. ಬ್ರೇಕ್ ಬಿಟ್ಟಾಗ ಹಗುರವಾಗಿ, ಹಗ್ಗದ ಜೊತೆ ಚೈನೂ ಓಡಿದರೆ, ಕ್ಲಚ್ ಸ್ಪ್ರಿಂಗ್ ತುಂಡಾಗಿದೆ ಅಥವಾ ಡ್ರಮ್ ಒಳಗಿನ ಸೂಜಿ ಬೇರಿಂಗ್ ಗ್ರೀಸ್ ಇಲ್ಲದೆ ಹಿಡಿದುಕೊಂಡಿದೆ. ಬ್ರೇಕ್ ಬಿಟ್ಟುಕೊಂಡೇ ಬಾರ್ (ಚೈನ್ ಓಡುವ ಉದ್ದನೆಯ ಪಟ್ಟಿ) ನಟ್ಟು ಬಿಚ್ಚಿ, ಮುಚ್ಚಳ, ಚೈನ್, ಬಾರ್ ಹೊರಗೆ ತೆಗೆಯಿರಿ. ಬ್ರೇಕ್ ಹಾಕಿದ ಸ್ಥಿತಿಯಲ್ಲಿ ಮುಚ್ಚಳ ತೆಗೆದರೆ ಕೆಲವು ಮಾದರಿಗಳಲ್ಲಿ ವಾಪಸ್ ಕೂರಿಸಲು ಆಗುವುದಿಲ್ಲ. ಅಲ್ಲಿ ಜಾಲಿಯ ನುಣ್ಣನೆ ಹೊಟ್ಟು, ಮಾವಿನ ಸೊನೆ, ಬಾರ್ ಆಯಿಲ್ ಮೂರೂ ಕೂಡಿ ಕರಿ ಡಾಂಬರಿನಂತೆ ಗಟ್ಟಿಯಾಗಿರುತ್ತದೆ. ಕಟ್ಟಿಗೆ ಚೂಪಿನಿಂದ ಕೆರೆದು, ಬ್ರಶ್‌ಗೆ ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ತೊಳೆಯಿರಿ. ಕ್ಲಚ್ ಬಿಚ್ಚುವುದಿದ್ದರೆ ನೆನಪಿಡಿ, ಅದರ ಮರೆ (ಥ್ರೆಡ್) ಉಲ್ಟಾ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಸಾದಾ ನಟ್ಟಿನಂತೆ ತಿರುಗಿಸಿ ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ದಂಡ) ಮರೆ ಹಾಳು ಮಾಡಿದ ಯಂತ್ರಕ್ಕೆ ಆಮೇಲೆ ದೊಡ್ಡ ರಿಪೇರಿಯೇ ಗತಿ.

ಚೈನ್ ತೆಗೆದರೂ ಬಿಗಿಯೇ? ಸ್ಟಾರ್ಟರ್ ಮುಚ್ಚಳದ ಸ್ಕ್ರೂ ಬಿಚ್ಚಿ ಕೈಯಲ್ಲಿ ಹಿಡಿದು ಹಗ್ಗ ಜಗ್ಗಿ. ಎಂಜಿನ್ನಿನಿಂದ ಬೇರೆಯಾದ ಸ್ಟಾರ್ಟರ್ ಕೂಡ ತಿಣುಕಿದರೆ ದೋಷ ಅಲ್ಲೇ ಇದೆ. ಗದಗ, ಹುಬ್ಬಳ್ಳಿ ಕಡೆಯ ಎರೆ ಮಣ್ಣಿನ ಧೂಳು ಆ ಜಾಲರಿಯೊಳಗೆ ಸೇರಿ, ತೇವ ಬಿದ್ದಾಗ ಹಗ್ಗ ಸುತ್ತುವ ಪುಲ್ಲಿಯ ಗೂಟಕ್ಕೆ ಅಂಟಿ ಒಣಗುತ್ತದೆ. ಒರೆಸಿ, ಗೂಟಕ್ಕೆ ತೆಳು ಎಣ್ಣೆಯ ಒಂದೆರಡು ಹನಿ ಸಾಕು. ಗ್ರೀಸ್ ಮೆತ್ತಿದರೆ ಮುಂದಿನ ಧೂಳನ್ನು ನೀವೇ ಕರೆದು ಕೂರಿಸಿದಂತೆ. ಹಗ್ಗ ಬದಲಿಸಿದ ಮೇಲೆ ಬಿಗಿ ಶುರುವಾಗಿದ್ದರೆ ಎರಡು ಕಾರಣ: ಹಳೆಯದಕ್ಕಿಂತ ದಪ್ಪ ಹಗ್ಗ ಹಾಕಿರುತ್ತಾರೆ, ಇಲ್ಲವೇ ಸ್ಪ್ರಿಂಗ್ ಅತಿಯಾಗಿ ಸುತ್ತಿರುತ್ತಾರೆ. ಹಗ್ಗ ಪೂರ್ತಿ ಹೊರಗೆ ಎಳೆದಾಗಲೂ ಪುಲ್ಲಿ ಇನ್ನೂ ಅರ್ಧ ಸುತ್ತಾದರೂ ತಿರುಗಬೇಕು. ತಿರುಗದಿದ್ದರೆ ಒಂದು ಸುತ್ತು ಕಡಿಮೆ ಮಾಡಿ. ಪುಲ್ಲಿ ಎತ್ತುವಾಗ ಕನ್ನಡಕ ಹಾಕಿರಿ. ಆ ಸುರುಳಿ ಸ್ಪ್ರಿಂಗ್ ಬಿಚ್ಚಿಕೊಂಡು ಹಾರಿದರೆ ಅದರ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಸ್ಟಾರ್ಟರ್ ತೆಗೆದಾಗ ಕಾಣುವ ರೆಕ್ಕೆಯ ಚಕ್ರ, ಅಂದರೆ ಮ್ಯಾಗ್ನೆಟ್, ಅದನ್ನು ಕೈಯಿಂದ ತಿರುಗಿಸಿ. ಒಂದೇ ಜಾಗದಲ್ಲಿ ಚರ್ ಎಂದು ತಿಕ್ಕಿದರೆ ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಅದಕ್ಕೆ ತಾಗುತ್ತಿದೆ. ಕಾಯಿಲಿನ ಎರಡು ಸ್ಕ್ರೂ ಸಡಿಲಿಸಿ, ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು, ಮ್ಯಾಗ್ನೆಟ್ ಕಾಯಿಲನ್ನು ತಾನೇ ಎಳೆದುಕೊಳ್ಳಲು ಬಿಡಿ. ಹಾಗೇ ಸ್ಕ್ರೂ ಬಿಗಿದು ಕಾರ್ಡ್ ಎಳೆದರೆ 0.3 ಮಿ.ಮೀ. ಆಸುಪಾಸಿನ ಸಂದು ಸಿಗುತ್ತದೆ. ಅದೇ ಬೇಕಾದ್ದು. ಹಿಡಿಕೆ ವಾಪಸ್ ಹೊಡೆಯುವುದಕ್ಕೂ ಈ ಚಕ್ರಕ್ಕೂ ಸಂಬಂಧವಿದೆ. ಅದನ್ನು ಕ್ರ್ಯಾಂಕ್ ಮೇಲೆ ಕೂರಿಸುವ ಸಣ್ಣ ಕೀ ತುಂಡಾದರೆ ಚಕ್ರ ಸ್ವಲ್ಪ ಜರುಗುತ್ತದೆ, ಪಿಸ್ಟನ್ ಮೇಲೆ ಬರುವ ಬಹಳ ಮೊದಲೇ ಕಿಡಿ ಹಾರಬಹುದು, ಆಗ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಪೆಟ್ರೋಲ್ ಖಾಲಿ ಮಾಡಿದ ಮೇಲೂ ನಿಮ್ಮ ಬೆರಳಿಗೆ ಪೆಟ್ಟು ಬೀಳುತ್ತಿದ್ದರೆ ಈ ಕೀ ನೋಡಿಸಿ.

ಪಿಸ್ಟನ್ ಹೋಗಿದೆಯೋ ಇಲ್ಲವೋ, ಕಣ್ಣಾರೆ ನೋಡಿ

ಇದಕ್ಕೆ ಎಂಜಿನ್ ಬಿಚ್ಚಬೇಕಿಲ್ಲ. ಸೈಲೆನ್ಸರ್ ಬಿಚ್ಚಿದರೆ ಅದರ ಹಿಂದಿನ ಕಿಂಡಿಯಲ್ಲಿ ಪಿಸ್ಟನ್ನಿನ ಮಗ್ಗುಲು ಕಾಣುತ್ತದೆ. ಮೊಬೈಲ್ ಟಾರ್ಚ್ ಬಿಟ್ಟು, ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ ನೋಡಿ. ಮಗ್ಗುಲು ನುಣ್ಣಗೆ ಬೂದು ಬಣ್ಣಕ್ಕಿದ್ದು, ರಿಂಗಿನ ಗೆರೆ ಸ್ವಚ್ಛವಾಗಿ ಕಂಡರೆ ಪಿಸ್ಟನ್ ಚೆನ್ನಾಗಿದೆ. ಮೇಲಿಂದ ಕೆಳಗೆ ಉಗುರಿನಿಂದ ಗೀರಿದಂತೆ ಉದ್ದುದ್ದ ಗೆರೆ ಬಿದ್ದು, ರಿಂಗ್ ಅಲ್ಲಲ್ಲಿ ಮೆತ್ತಿಕೊಂಡಿದ್ದರೆ ಪಿಸ್ಟನ್ ಹಿಡಿದಿದೆ ಎಂದೇ ಅರ್ಥ, ಬಹಳ ಸಲ ಆಯಿಲ್ ಸಾಲದೆ. ಆಗ ಅಂಗಡಿಯವರ ಮಾತು ನಿಜ, ಬೋರ್ ಕಿಟ್ ಬೇಕು. ಗೆರೆ ಬಿದ್ದ ಪಿಸ್ಟನ್ ಗಾಳಿ ಹಿಡಿಯುವುದಿಲ್ಲವಾದ್ದರಿಂದ ಎಷ್ಟೋ ಸಲ ಹಗ್ಗ ಬಿಗಿಯಾಗುವ ಬದಲು ಪೊಳ್ಳಾಗಿ ಬರುತ್ತದೆ. ಮಳೆಗಾಲದ ತೇವಕ್ಕೆ ರಿಂಗ್ ತುಕ್ಕು ಹಿಡಿದು ಅಂಟಿರುವುದೂ ಉಂಟು. ಪ್ಲಗ್ ತೂತಿಗೆ ಒಂದು ಚಮಚ 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಪೆಟ್ರೋಲಿಗೆ ಬೆರೆಸುವ ಆಯಿಲ್) ಬಿಟ್ಟು ರಾತ್ರಿಯಿಡೀ ನೆನೆಯಲು ಇಟ್ಟು, ಬೆಳಿಗ್ಗೆ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ. ಸುತ್ತಿಗೆಯಿಂದ ಬಡಿಯುವುದು, ತೂತಿನಲ್ಲಿ ಸ್ಕ್ರೂಡ್ರೈವರ್ ಹಾಕಿ ಮೀಟುವುದು ಎರಡೂ ಬೇಡ.

ಆಯಿಲ್ ಅಳತೆಯಲ್ಲಿ ತಪ್ಪುವವರು ಬಹಳ. 25ಕ್ಕೆ 1 ಎಂದು ಕೈಪಿಡಿಯಲ್ಲಿದ್ದರೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ. 2ಟಿ ಆಯಿಲ್, 50ಕ್ಕೆ 1 ಎಂದಿದ್ದರೆ 20 ಮಿ.ಲೀ. ಔಷಧಿ ಅಂಗಡಿಯ ಸಿರಿಂಜ್ ಇದಕ್ಕೆ ಒಳ್ಳೆಯ ಅಳತೆ. ಟ್ರ್ಯಾಕ್ಟರಿನ ಎಂಜಿನ್ ಆಯಿಲ್, ಬಾರ್‌ಗೆ ಹಾಕುವ ಆಯಿಲ್ ಪೆಟ್ರೋಲಿಗೆ ಬೆರೆಸುವಂಥವಲ್ಲ. ಕ್ಯಾನಿನಲ್ಲಿ ಕಲಸಿ, ಅಲುಗಾಡಿಸಿ, ಆಮೇಲೆ ಟ್ಯಾಂಕಿಗೆ ಹಾಕಿ. ತಿಂಗಳಲ್ಲಿ ಮುಗಿಯುವಷ್ಟೇ ಕಲಸಿ. ಮುಂದಿನ ಮಳೆಗಾಲಕ್ಕೆ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ, ಅರ್ಧ ಚಮಚ 2ಟಿ ಆಯಿಲ್ ಪ್ಲಗ್ ತೂತಿಗೆ ಬಿಟ್ಟು ಎರಡು ಸಲ ಮೆಲ್ಲಗೆ ಜಗ್ಗಿ ಪ್ಲಗ್ ಹಾಕಿ.

ಜಗ್ಗುವ ರೀತಿಯೂ ಸ್ವಲ್ಪ ಬಿಗಿಯನ್ನು ಕಡಿಮೆ ಮಾಡುತ್ತದೆ. ಯಂತ್ರ ನೆಲದ ಮೇಲಿರಲಿ, ಚೈನ್ ಬ್ರೇಕ್ ಹಾಕಿರಲಿ. ಬಲಗಾಲಿನ ತುದಿ ಹಿಂದಿನ ಹಿಡಿಕೆಯೊಳಗೆ, ಎಡಗೈ ಮುಂದಿನ ಹಿಡಿಕೆ ಮೇಲೆ. ಮೊದಲು ಹಗ್ಗವನ್ನು ಮೆಲ್ಲಗೆ ಎಳೆದು, ಸ್ಟಾರ್ಟರ್ ಒಳಗಿನ ಹಲ್ಲು ಕಚ್ಚಿಕೊಂಡು ತಡೆ ಸಿಗುವ ತನಕ ತನ್ನಿ. ಅಲ್ಲಿಂದ ಅರೆಮನಸ್ಸಿಲ್ಲದೆ ಒಂದೇ ಜಗ್ಗು, ನೇರ ಮೇಲಕ್ಕೆ. ಅಳುಕಿ ಅರ್ಧಕ್ಕೆ ಬಿಟ್ಟರೆ ಚಕ್ರಕ್ಕೆ ವೇಗ ಸಾಲದೆ ಒಳ್ಳೆಯ ಎಂಜಿನ್ ಕೂಡ ವಾಪಸ್ ಒದೆಯುತ್ತದೆ. ಒಂದು ಕೈಯಲ್ಲಿ ಯಂತ್ರ ತೂಗುಹಾಕಿ, ಇನ್ನೊಂದು ಕೈಯಲ್ಲಿ ಹಗ್ಗ ಜಗ್ಗುವುದನ್ನು ದಯವಿಟ್ಟು ಬಿಡಿ. ಚೈನ್ ಓಡಿದರೆ ಮೊದಲು ಸಿಗುವುದು ನಿಮ್ಮ ಕಾಲು.

ಇಷ್ಟಾದ ಮೇಲೂ ಅಂಗಡಿಗೆ ಹೋಗಬೇಕಾದರೆ, "ಸ್ಟಾರ್ಟ್ ಆಗವಲ್ದು" ಎಂದಷ್ಟೇ ಹೇಳಬೇಡಿ. "ಪ್ಲಗ್ ಬಿಚ್ಚಿದ್ರ ಹಗುರ ಬರತೈತಿ, ಹಾಕಿದ್ರ ನಿಲ್ಲತೈತಿ, ಸೈಲೆನ್ಸರ್ ತಗದು ನೋಡೇನಿ, ಪಿಸ್ಟನ್ ಮ್ಯಾಲೆ ಗೆರಿ ಇಲ್ಲ" ಎನ್ನಿ. ಆಗ ಮಿಸ್ತ್ರಿ ನೇರ ಕಾರ್ಬೊರೇಟರ್‌ಗೆ ಕೈ ಹಾಕುತ್ತಾನೆ.