ಗ್ರ್ಯಾಂಡ್ ಫೈನಲ್ ಯಾವಾಗಲೂ ಮೆಲ್ಬರ್ನ್‌ನಲ್ಲೇ ಯಾಕೆ? ಇದು ಅನ್ಯಾಯ ಅಲ್ವಾ?

ಓದುಗರ ಪ್ರಶ್ನೆ: ಎಎಫ್‌ಎಲ್ ಅಂದರೆ ಇಡೀ ಆಸ್ಟ್ರೇಲಿಯಾದ ಫುಟ್‌ಬಾಲ್ ಲೀಗ್ (ಸಾಕರ್ ಅಲ್ಲ, ಆ ದೇಶದ್ದೇ ಆದ ಫುಟ್‌ಬಾಲ್). ಆದರೆ ಅದರ ಗ್ರ್ಯಾಂಡ್ ಫೈನಲ್ ಮಾತ್ರ ಪ್ರತಿ ವರ್ಷ ಮೆಲ್ಬರ್ನ್‌ನ ಎಂಸಿಜಿಯಲ್ಲೇ (ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್) ನಡೆಯುತ್ತದೆ. ಪರ್ತ್, ಸಿಡ್ನಿ ಅಥವಾ ಅಡಿಲೇಡ್‌ನ ತಂಡ ಅಂಕಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದಿದ್ದರೂ ಕಪ್‌ಗಾಗಿ ಎದುರಾಳಿಯ ಊರಿಗೇ ಹೋಗಿ ಆಡಬೇಕು. ಇದು ಅನ್ಯಾಯ ಅಲ್ವಾ?

ಹೌದು, ಅನ್ಯಾಯವೇ. ಆದರೆ ಜನ ಸಾಮಾನ್ಯವಾಗಿ ದೂರುವ ಜಾಗದಲ್ಲಿ ಅನ್ಯಾಯ ಕಡಿಮೆ. ಯಾರೂ ಅಷ್ಟಾಗಿ ನೋಡದ ಜಾಗದಲ್ಲಿ ಜಾಸ್ತಿ.

ಮೊದಲು ಇದು ಹೀಗಾಗಿದ್ದು ಹೇಗೆ ಅಂತ ನೋಡೋಣ. ಈ ಲೀಗ್ 1897ರಲ್ಲಿ ಶುರುವಾದಾಗ ಇದ್ದದ್ದು ಎಂಟೇ ತಂಡ. ಎಲ್ಲವೂ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದವು. ಲೀಗಿನ ಹೆಸರಲ್ಲೂ ವಿಕ್ಟೋರಿಯಾ ಅಂತಲೇ ಇತ್ತು. ಹಾಗಾಗಿ ಆ ರಾಜ್ಯದ ಅತಿ ದೊಡ್ಡ ಮೈದಾನದಲ್ಲಿ ಫೈನಲ್ ಆಡುವುದರಲ್ಲಿ ಯಾರಿಗೂ ತಕರಾರು ಇರಲಿಲ್ಲ. 1982ರಲ್ಲಿ ಸೌತ್ ಮೆಲ್ಬರ್ನ್ ತಂಡ ಸಿಡ್ನಿಗೆ ಹೋಯಿತು. 1987ರಲ್ಲಿ ಪರ್ತ್‌ನ ವೆಸ್ಟ್ ಕೋಸ್ಟ್ ಮತ್ತು ಕ್ವೀನ್ಸ್‌ಲ್ಯಾಂಡ್‌ನ ಬ್ರಿಸ್ಬೇನ್ ಬಂದವು. 1990ರಲ್ಲಿ ಲೀಗ್ ತನ್ನ ಹೆಸರನ್ನೇ ಆಸ್ಟ್ರೇಲಿಯನ್ ಅಂತ ಬದಲಿಸಿಕೊಂಡಿತು. ಇವತ್ತು ಇರುವ 18 ತಂಡಗಳಲ್ಲಿ 10 ವಿಕ್ಟೋರಿಯಾದವು, 8 ಹೊರಗಿನವು. ಲೀಗ್ ಬೆಳೆಯಿತು, ಫೈನಲ್ ಮಾತ್ರ ಇದ್ದಲ್ಲೇ ಉಳಿಯಿತು.

ಎಂಸಿಜಿ ಬಿಟ್ಟು ಬೇರೆ ಕಡೆ ಫೈನಲ್ ನಡೆದದ್ದು ಬಹಳ ಅಪರೂಪ. ಎರಡನೇ ಮಹಾಯುದ್ಧದ ಕೆಲವು ವರ್ಷ ಮೆಲ್ಬರ್ನ್‌ನ ಬೇರೆ ಮೈದಾನಗಳಲ್ಲಿ ನಡೆಯಿತು. 1991ರಲ್ಲಿ ಎಂಸಿಜಿಯಲ್ಲಿ ಹೊಸ ಸ್ಟ್ಯಾಂಡ್ ಕಟ್ಟುತ್ತಿದ್ದ ಕಾರಣ ಅದೇ ಊರಿನ ವೇವರ್ಲಿ ಪಾರ್ಕ್‌ನಲ್ಲಿ ಆಡಿಸಿದರು. ವಿಕ್ಟೋರಿಯಾ ದಾಟಿ ಹೋದದ್ದು ಎರಡೇ ಸಲ, ಅದೂ ಕೋವಿಡ್‌ನಿಂದಾಗಿ: 2020ರಲ್ಲಿ ಬ್ರಿಸ್ಬೇನ್‌ನ ಗ್ಯಾಬಾ, 2021ರಲ್ಲಿ ಪರ್ತ್. ಆ ಎರಡು ವರ್ಷವೂ ಫೈನಲ್ ಆಡಿದ್ದು ವಿಕ್ಟೋರಿಯಾದ ತಂಡಗಳೇ. 2020ರಲ್ಲಿ ಬ್ರಿಸ್ಬೇನ್‌ಗೆ ತವರಿನಲ್ಲೇ ಕಪ್ ಆಡುವ ಅವಕಾಶ ಒಂದೇ ಹೆಜ್ಜೆ ದೂರದಲ್ಲಿತ್ತು. ಅದೇ ಗ್ಯಾಬಾದಲ್ಲಿ ಪ್ರಿಲಿಮಿನರಿ ಫೈನಲ್‌ನಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ ಸೆಮಿಫೈನಲ್‌ನಲ್ಲಿ, ಜಿಲಾಂಗ್ ವಿರುದ್ಧ 40 ಅಂಕಗಳಿಂದ ಸೋತಿತು. ಆ ಊರಿನವರಿಗೆ ಎಷ್ಟು ಹೊಟ್ಟೆ ಉರಿದಿರಬೇಕು!

ಇನ್ನು ಮುಂದೆ? 2018ರಲ್ಲಿ ಲೀಗ್, ಎಂಸಿಜಿ ಮತ್ತು ವಿಕ್ಟೋರಿಯಾ ಸರ್ಕಾರ ಸೇರಿ 2057ರವರೆಗೆ ಒಪ್ಪಂದ ಮಾಡಿಕೊಂಡವು. ಕೋವಿಡ್‌ನಲ್ಲಿ ತಪ್ಪಿಹೋದ ಎರಡು ವರ್ಷವನ್ನೂ ಆಮೇಲೆ ಸೇರಿಸಿದ್ದರಿಂದ ಅದೀಗ 2059ಕ್ಕೆ ಹೋಗಿದೆ. ಇದಕ್ಕೆ ಬದಲಾಗಿ ಸರ್ಕಾರ ಮೆಲ್ಬರ್ನ್‌ನ ಕ್ರೀಡಾಂಗಣಗಳಿಗೆ ದೊಡ್ಡ ಮೊತ್ತ ಕೊಡಲು ಒಪ್ಪಿತು. ಇವತ್ತು ಹುಟ್ಟಿದ ಮಗು ಮೂವತ್ತು ದಾಟುವವರೆಗೂ ಫೈನಲ್ ಅಲ್ಲೇ ಅಂತಾಯಿತು.

ಈಗ ವಾದದ ತಿರುಳಿಗೆ ಬರೋಣ. ಎಂಸಿಜಿಯಲ್ಲಿ ವಿಕ್ಟೋರಿಯಾದ ತಂಡ ಒಂದು ಕಡೆ, ಹೊರಗಿನ ತಂಡ ಇನ್ನೊಂದು ಕಡೆ ಇದ್ದ ಗ್ರ್ಯಾಂಡ್ ಫೈನಲ್‌ಗಳನ್ನು ಎಣಿಸಿ. 1992ರಿಂದ 2025ರವರೆಗೆ ಅಂಥವು 20. ಹೊರಗಿನವರು ಗೆದ್ದದ್ದು 10, ಸೋತದ್ದು 10. ಸರಿಸಮ! ‘ಅನ್ಯಾಯ ಎಲ್ಲಿದೆ ತೋರಿಸಿ’ ಅಂತ ಮೆಲ್ಬರ್ನ್‌ನವರು ಕೇಳಿದರೆ ಈ ಲೆಕ್ಕ ಅವರ ಕಡೆಗೇ ಇದೆ.

ಆದರೆ ಅದೇ ಲೆಕ್ಕವನ್ನು ಎರಡು ಭಾಗ ಮಾಡಿ ನೋಡಿ. 2003ರವರೆಗೆ ಇಂಥ ಎಂಟು ಫೈನಲ್‌ಗಳಲ್ಲಿ ಏಳನ್ನು ಹೊರಗಿನವರೇ ಗೆದ್ದರು. ವೆಸ್ಟ್ ಕೋಸ್ಟ್ ಎರಡು, ಅಡಿಲೇಡ್ ಎರಡು, ಬ್ರಿಸ್ಬೇನ್ ಸತತ ಮೂರು. 2004, 2005, 2006ರಲ್ಲಿ ಎರಡೂ ಕಡೆ ಹೊರಗಿನ ತಂಡಗಳೇ ಇದ್ದವು. 2007ರಿಂದ ಕಥೆ ತಿರುಗಿತು. ಅಲ್ಲಿಂದ 2025ರವರೆಗೆ ಇಂಥ 12 ಫೈನಲ್, ಹೊರಗಿನವರ ಗೆಲುವು ಮೂರೇ: 2012ರಲ್ಲಿ ಸಿಡ್ನಿ, 2018ರಲ್ಲಿ ವೆಸ್ಟ್ ಕೋಸ್ಟ್, 2025ರಲ್ಲಿ ಬ್ರಿಸ್ಬೇನ್.

ಇದರಿಂದ ನನಗೆ ಅನಿಸುವುದು ಇಷ್ಟು. ತಂಡ ತೀರಾ ಬಲವಾಗಿದ್ದರೆ ಮೈದಾನ ಅದನ್ನು ತಡೆಯುವುದಿಲ್ಲ. 2001ರಿಂದ 2003ರವರೆಗಿನ ಬ್ರಿಸ್ಬೇನ್ ಎಲ್ಲಿ ಆಡಿದ್ದರೂ ಗೆಲ್ಲುತ್ತಿತ್ತು. ಎರಡು ತಂಡಗಳ ನಡುವೆ ಕೂದಲೆಳೆಯ ವ್ಯತ್ಯಾಸ ಇದ್ದಾಗ ಮಾತ್ರ ಮೈದಾನ ತೂಕ ಹಾಕುತ್ತದೆ. ಹಾಗಾಗಿ ಒಟ್ಟು ಗೆಲುವುಗಳನ್ನು ಎಣಿಸಿ ನ್ಯಾಯ ಅಳೆಯುವುದು ಸರಿಯಾದ ದಾರಿಯಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ತವರು ಆಟದ ಹಕ್ಕನ್ನು ಸಂಪಾದಿಸಿದವರು ಯಾರು, ಅದು ಸಿಕ್ಕಿದ್ದು ಯಾರಿಗೆ?

ಎಎಫ್‌ಎಲ್‌ನ ಫೈನಲ್ಸ್ ಸರಣಿಯಲ್ಲಿ, ಅಂದರೆ ಲೀಗ್ ಹಂತ ಮುಗಿದ ಮೇಲಿನ ಪ್ಲೇಆಫ್ ಪಂದ್ಯಗಳಲ್ಲಿ, ಒಂದು ನಿಯಮವಿದೆ. ಸಾಮಾನ್ಯವಾಗಿ ಅಂಕಪಟ್ಟಿಯಲ್ಲಿ ಮೇಲಿದ್ದವರಿಗೆ ತವರು ಆಟ. ತಿಂಗಳುಗಟ್ಟಲೆ ಆಡಿ ಮೇಲೆ ಬಂದದ್ದಕ್ಕೆ ಸಿಗುವ ಬಹುಮಾನ ಅದು. ಕೊನೆಯ ಪಂದ್ಯ ಬಂದ ತಕ್ಷಣ ಆ ಬಹುಮಾನ ರದ್ದಾಗುತ್ತದೆ. 2014ರಲ್ಲಿ ಸಿಡ್ನಿ ಮೊದಲ ಸ್ಥಾನದಲ್ಲಿತ್ತು, ಮೆಲ್ಬರ್ನ್‌ನ ಹಾಥಾರ್ನ್‌ಗೆ ಸೋತಿತು. 2015ರಲ್ಲಿ ವೆಸ್ಟ್ ಕೋಸ್ಟ್ ಎರಡನೇ ಸ್ಥಾನ, ಮೂರನೇ ಸ್ಥಾನದ ಹಾಥಾರ್ನ್‌ಗೆ ಸೋತಿತು. 2016ರಲ್ಲಿ ಮತ್ತೆ ಸಿಡ್ನಿ ಮೊದಲ ಸ್ಥಾನ, ಏಳನೇ ಸ್ಥಾನದ ವೆಸ್ಟರ್ನ್ ಬುಲ್‌ಡಾಗ್ಸ್‌ಗೆ ಸೋತಿತು. 2017ರಲ್ಲಿ ಅಡಿಲೇಡ್ ಮೊದಲ ಸ್ಥಾನ, ಮೂರನೇ ಸ್ಥಾನದ ರಿಚ್ಮಂಡ್‌ಗೆ ಸೋತಿತು. ಸತತ ನಾಲ್ಕು ವರ್ಷ ಮೇಲಿನ ಸ್ಥಾನದ ತಂಡವೇ ವಿಮಾನ ಹತ್ತಿ ಬಂದು ಸೋತು ಹೋಯಿತು. 2014ರ ಸೋಲು 63 ಅಂಕಗಳದ್ದು. ಒಂದು ಗೋಲಿಗೆ ಆರು ಅಂಕ, ಅಂದರೆ ಹತ್ತು ಗೋಲಿಗಿಂತ ಜಾಸ್ತಿ. ಅಷ್ಟು ದೊಡ್ಡ ಸೋಲನ್ನು ಮೈದಾನದ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಹಕ್ಕು ಹಕ್ಕೇ. ಸೋಲು ದೊಡ್ಡದು ಅನ್ನುವ ಕಾರಣಕ್ಕೆ ಅದು ಇಲ್ಲವಾಗುವುದಿಲ್ಲ.

2015ನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಫೈನಲ್ಸ್‌ನ ಮೊದಲ ವಾರ ಪರ್ತ್‌ನ ಸುಬಿಯಾಕೊ ಮೈದಾನದಲ್ಲಿ ವೆಸ್ಟ್ ಕೋಸ್ಟ್ ಇದೇ ಹಾಥಾರ್ನ್ ತಂಡವನ್ನು 32 ಅಂಕಗಳಿಂದ ಸೋಲಿಸಿತ್ತು. ಮೂರು ವಾರದ ನಂತರ ಎಂಸಿಜಿಯಲ್ಲಿ ಅದೇ ತಂಡಕ್ಕೆ 46 ಅಂಕಗಳಿಂದ ಸೋತಿತು. ಅಂತರ 78 ಅಂಕ ತಿರುಗಿತು.

ಇಲ್ಲಿ ಕ್ರಿಕೆಟ್ ನೋಡಿ ಬೆಳೆದ ನಮಗೆ ಸುಲಭವಾಗಿ ಅರ್ಥವಾಗುವ ವಿಷಯ ಒಂದಿದೆ. ಈ ಆಟದಲ್ಲೂ ಮೈದಾನಗಳಿಗೆ ಒಂದೇ ಅಳತೆ ಇಲ್ಲ. ಸುಬಿಯಾಕೊ ಉದ್ದ, ಆದರೆ ಕಿರಿದು: ಸುಮಾರು 175 ಮೀಟರ್ ಉದ್ದ, 122 ಮೀಟರ್ ಅಗಲ. ಎಂಸಿಜಿ ಸುಮಾರು 160 ಮೀಟರ್ ಉದ್ದ, 140ರ ಆಸುಪಾಸು ಅಗಲ. ಆ ವರ್ಷ ವೆಸ್ಟ್ ಕೋಸ್ಟ್ ಬಲೆ ಹೆಣೆದಂತೆ ಜಾಗ ಕಾಯುವ ರಕ್ಷಣೆಗೆ ಹೆಸರಾಗಿತ್ತು. ಒಬ್ಬೊಬ್ಬ ಆಟಗಾರನ ಬೆನ್ನು ಬೀಳುವ ಬದಲು ಎಲ್ಲರೂ ಸೇರಿ ಜಾಗವನ್ನು ಮುಚ್ಚುವ ಆಟ ಅದು. ಕಿರಿದಾದ ಮೈದಾನದಲ್ಲಿ ಚೆಂಡು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವಷ್ಟರಲ್ಲಿ ರಕ್ಷಕರು ಸರಿದು ನಿಂತಿರುತ್ತಾರೆ. ಎಂಸಿಜಿಯಲ್ಲಿ ಅದಕ್ಕೆ ಇನ್ನೂ ಹದಿನೆಂಟು ಇಪ್ಪತ್ತು ಮೀಟರ್ ಜಾಸ್ತಿ ಓಡಬೇಕು. ಹಾಥಾರ್ನ್‌ನಂತೆ ಕರಾರುವಾಕ್ಕಾಗಿ ಒದೆಯುವ ತಂಡಕ್ಕೆ ಆ ಸಂದು ಸಾಕು. ಹಾಥಾರ್ನ್ ಆಟಗಾರರಿಗೆ ಅದು ವಾರಗಟ್ಟಲೆ ಆಡಿ ಕಾಲಿಗೆ ಅಭ್ಯಾಸವಾದ ಅಳತೆ.

ಇದನ್ನು ಹೇಳುವಾಗ ಹಾಥಾರ್ನ್‌ಗೂ ನ್ಯಾಯ ಸಲ್ಲಿಸಬೇಕು. ಅವರು ಅದೇ ಫೈನಲ್ಸ್‌ನಲ್ಲಿ ಮತ್ತೊಮ್ಮೆ ಪರ್ತ್‌ಗೆ ಹಾರಿ, ಅಂಕಪಟ್ಟಿಯಲ್ಲಿ ಮೊದಲಿದ್ದ ಫ್ರಿಮ್ಯಾಂಟಲ್ ತಂಡವನ್ನು ಅದರ ತವರಿನಲ್ಲೇ 27 ಅಂಕಗಳಿಂದ ಸೋಲಿಸಿ ಫೈನಲ್‌ಗೆ ಬಂದವರು. ಸುಮ್ನೆ ಕೂತು ಕಪ್ ಎತ್ತಿಕೊಂಡವರಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ‘ವಿಕ್ಟೋರಿಯಾದ ತಂಡ’ ಅಂದ ಕೂಡಲೇ ಎಂಸಿಜಿ ಅದರ ಮನೆ ಅಂತ ಅಲ್ಲ. ಕಾಲಿಂಗ್‌ವುಡ್, ರಿಚ್ಮಂಡ್, ಮೆಲ್ಬರ್ನ್, ಹಾಥಾರ್ನ್ ತಂಡಗಳಿಗೆ ಅದು ನಿಜವಾದ ತವರು. ಸೇಂಟ್ ಕಿಲ್ಡಾ, ನಾರ್ತ್ ಮೆಲ್ಬರ್ನ್, ಬುಲ್‌ಡಾಗ್ಸ್ ಹೆಚ್ಚಾಗಿ ಆಡುವುದು ಅದೇ ಊರಿನ ಡಾಕ್‌ಲ್ಯಾಂಡ್ಸ್ ಮೈದಾನದಲ್ಲಿ. ಜಿಲಾಂಗ್ ಇರುವುದು ಮೆಲ್ಬರ್ನ್‌ನಿಂದ ಸುಮಾರು 75 ಕಿಲೋಮೀಟರ್ ದೂರದಲ್ಲಿ, ಅದಕ್ಕೆ ತನ್ನದೇ ಕಿರಿದಾದ ಮೈದಾನ ಇದೆ. 2019ರಲ್ಲಿ ಜಿಲಾಂಗ್ ಅಂಕಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಮೊದಲ ವಾರದ ಫೈನಲ್ ಅದರ ತವರು ಆಟ ಆಗಬೇಕಿತ್ತು. ಆಡಿಸಿದ್ದು ಎಂಸಿಜಿಯಲ್ಲಿ, ಕಾಲಿಂಗ್‌ವುಡ್ ವಿರುದ್ಧ, ಅಂದರೆ ಎದುರಾಳಿಯ ಮನೆಯಲ್ಲಿ! ಜಿಲಾಂಗ್ 10 ಅಂಕಗಳಿಂದ ಸೋತಿತು. ಹೊರರಾಜ್ಯದವರಷ್ಟೇ ಅಲ್ಲ, ವಿಕ್ಟೋರಿಯಾದ ಒಳಗೇ ಈ ಪೆಟ್ಟು ತಿಂದವರಿದ್ದಾರೆ.

ಹಾಗಾದರೆ ಫೈನಲ್‌ನ್ನು ಬೇರೆಡೆ ಆಡಿಸಿದರಾಯಿತಲ್ಲ ಅಂತ ಕೇಳಬಹುದು. ಅಂಕಪಟ್ಟಿಯಲ್ಲಿ ಮೇಲಿದ್ದವರ ಊರಿನಲ್ಲಿ ಆಡಿಸುವುದು ಅತಿ ನ್ಯಾಯದ ದಾರಿ. ಆದರೆ ಎಂಸಿಜಿಯಲ್ಲಿ ಒಂದು ಲಕ್ಷ ಜನ ಕೂರುತ್ತಾರೆ. ಪರ್ತ್‌ನ ಹೊಸ ಕ್ರೀಡಾಂಗಣದಲ್ಲಿ ಸುಮಾರು 60,000, ಅಡಿಲೇಡ್‌ನಲ್ಲಿ 50,000ಕ್ಕೆ ಸ್ವಲ್ಪ ಮೇಲೆ, ಗ್ಯಾಬಾದಲ್ಲಿ ಅದಕ್ಕಿಂತಲೂ ಕಡಿಮೆ. ಫೈನಲ್‌ಗೆ ಯಾರು ಬರುತ್ತಾರೆ ಅಂತ ಒಂದು ವಾರ ಮುಂಚೆಯಷ್ಟೇ ಗೊತ್ತಾಗುತ್ತದೆ. ಅಷ್ಟರಲ್ಲಿ ಹೋಟೆಲ್, ವಿಮಾನ, ಟಿಕೆಟ್ ಎಲ್ಲ ಹೊಂದಿಸಬೇಕು. ಇದರಿಂದ ಬರುವ ದುಡ್ಡು ಲೀಗ್ ಮೂಲಕ ಪರ್ತ್, ಬ್ರಿಸ್ಬೇನ್ ತಂಡಗಳಿಗೂ ಹಂಚಿಕೆಯಾಗುತ್ತದೆ ಅನ್ನುವುದನ್ನೂ ಮರೆಯಬಾರದು.

ಒಂದು ಲಕ್ಷ ಅಂದ ಮಾತ್ರಕ್ಕೆ ಆ ಲಕ್ಷವೂ ಎರಡು ತಂಡಗಳ ಅಭಿಮಾನಿಗಳಲ್ಲ. ಆಡುವ ಎರಡು ತಂಡಗಳ ಸದಸ್ಯರಿಗೆ ಮೀಸಲಿಡುವ ಟಿಕೆಟ್ ಒಟ್ಟಿನ ಮೂರನೇ ಒಂದು ಭಾಗದ ಆಸುಪಾಸು. ಮಿಕ್ಕದ್ದರಲ್ಲಿ ದೊಡ್ಡ ಪಾಲು ಮೆಲ್ಬರ್ನ್ ಕ್ರಿಕೆಟ್ ಕ್ಲಬ್‌ನ ಸದಸ್ಯರಿಗೆ, ಲೀಗ್‌ನ ಸದಸ್ಯರಿಗೆ, ಪ್ರಾಯೋಜಕರಿಗೆ ಹೋಗುತ್ತದೆ. ಅವರಲ್ಲಿ ಹೆಚ್ಚಿನವರು ಮೆಲ್ಬರ್ನ್‌ನವರೇ. ಪರ್ತ್‌ನಿಂದ 2,700 ಕಿಲೋಮೀಟರ್ ಹಾರಿ ಬರುವ ಅಭಿಮಾನಿಗೆ ಟಿಕೆಟ್ ಸಿಗುವುದೇ ಕಷ್ಟ. ಈ ಹಂಚಿಕೆಯನ್ನು ಬದಲಿಸಬೇಕು ಅಂತ ನಾನು ಒತ್ತಿ ಹೇಳುತ್ತೇನೆ.

ತವರು ಮೈದಾನ ಇದ್ದರೆ ಕಪ್ ಗ್ಯಾರಂಟಿ ಅಂತ ನಂಬುವವರಿಗೆ ಬೆಂಗಳೂರಿನವರು ಬೇರೆಯದೇ ಉತ್ತರ ಕೊಡಬಲ್ಲರು. 2016ರ ಐಪಿಎಲ್ ಫೈನಲ್ ಮುಂಬೈನಲ್ಲಿ ಆಗಬೇಕಿತ್ತು. ಮಹಾರಾಷ್ಟ್ರದ ಬರದಿಂದಾಗಿ ಚಿನ್ನಸ್ವಾಮಿಗೆ ಬಂತು. ಆರ್‌ಸಿಬಿ ಸ್ವಂತ ಮನೆಯಲ್ಲಿ, ಸ್ವಂತ ಜನರ ಮುಂದೆ, 8 ರನ್‌ನಿಂದ ಸೋತಿತು. ಕೊನೆಗೂ ಕಪ್ ಗೆದ್ದದ್ದು 2025ರಲ್ಲಿ, ಅಹಮದಾಬಾದ್‌ನಲ್ಲಿ. ಆದರೆ ಐಪಿಎಲ್ ಫೈನಲ್ ಊರಿಂದೂರಿಗೆ ತಿರುಗುತ್ತದೆ. ಒಂದೇ ಊರಿಗೆ ನಲವತ್ತು ವರ್ಷ ಬರೆದುಕೊಟ್ಟಿಲ್ಲ.

ಒಪ್ಪಂದ ಅಂದರೆ ಕಲ್ಲಲ್ಲಿ ಕೊರೆದದ್ದು, ಏನೂ ಮಾಡಲಾಗದು ಅನ್ನುವವರಿಗೆ 2004ನ್ನು ನೆನಪಿಸಬೇಕು. ಆಗ ಪ್ರತಿ ವರ್ಷ ಒಂದು ಪ್ರಿಲಿಮಿನರಿ ಫೈನಲ್ ಕೂಡ ಎಂಸಿಜಿಯಲ್ಲೇ ಆಗಬೇಕು ಅಂತ ಒಪ್ಪಂದವಿತ್ತು. ಆ ವರ್ಷ ಎರಡೂ ಪ್ರಿಲಿಮಿನರಿ ಫೈನಲ್‌ನ ತವರು ಹಕ್ಕು ಹೊರಗಿನ ತಂಡಗಳದ್ದಾಗಿತ್ತು: ಪೋರ್ಟ್ ಅಡಿಲೇಡ್ ಮತ್ತು ಬ್ರಿಸ್ಬೇನ್. ಪೋರ್ಟ್ ಅಡಿಲೇಡ್‌ಗೆ ತವರು ಆಟ ಸಿಕ್ಕಿತು. ಬ್ರಿಸ್ಬೇನ್ ತನ್ನ ‘ತವರು’ ಆಟವನ್ನು ಮೆಲ್ಬರ್ನ್‌ಗೆ ಬಂದು ಜಿಲಾಂಗ್ ವಿರುದ್ಧ ಆಡಬೇಕಾಯಿತು. 9 ಅಂಕಗಳಿಂದ ಹೇಗೋ ಗೆದ್ದಿತು, ಮುಂದಿನ ವಾರ ಫೈನಲ್‌ನಲ್ಲಿ ಪೋರ್ಟ್ ಅಡಿಲೇಡ್‌ಗೆ 40 ಅಂಕಗಳಿಂದ ಸೋತಿತು. ಸತತ ನಾಲ್ಕನೇ ಕಪ್ ಕೈತಪ್ಪಿತು. ಗಲಾಟೆ ಜೋರಾಯಿತು, ಒಪ್ಪಂದದ ಆ ಷರತ್ತು ಸಡಿಲವಾಯಿತು. 2006ರಲ್ಲಿ ಎರಡೂ ಪ್ರಿಲಿಮಿನರಿ ಫೈನಲ್ ವಿಕ್ಟೋರಿಯಾದ ಹೊರಗೆ ನಡೆದವು, ಒಂದು ಅಡಿಲೇಡ್‌ನಲ್ಲಿ, ಇನ್ನೊಂದು ಸಿಡ್ನಿಯಲ್ಲಿ.

ಈಗ ಮಾಡಬಹುದಾದದ್ದು ಏನು? ನನ್ನ ಪ್ರಕಾರ ಉತ್ತರ ಇರುವುದು ಗ್ರ್ಯಾಂಡ್ ಫೈನಲ್‌ನಲ್ಲಿ ಅಲ್ಲ, ವೇಳಾಪಟ್ಟಿಯಲ್ಲಿ. ಒಂದು ಸೀಸನ್‌ಗೆ ತಂಡವೊಂದು ಆಡುವುದು 23 ಪಂದ್ಯ. ಕಾಲಿಂಗ್‌ವುಡ್‌ನಂಥ ತಂಡ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಂದ್ಯಗಳನ್ನು ಎಂಸಿಜಿಯಲ್ಲೇ ಆಡುತ್ತದೆ. ಹೊರಗಿನ ತಂಡಗಳಿಗೆ ಅಲ್ಲಿ ಸಿಗುವುದು ಬೆರಳೆಣಿಕೆಯಷ್ಟು. ಇದರ ಪರಿಣಾಮ ಬ್ರಿಸ್ಬೇನ್‌ನಲ್ಲಿ ಕಾಣುತ್ತದೆ. 2014ರ ನಂತರ ಎಂಟು ವರ್ಷ ಆ ತಂಡ ಎಂಸಿಜಿಯಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. 2022ರ ಫೈನಲ್ಸ್ ಸರಣಿಯಲ್ಲಿ ಮೆಲ್ಬರ್ನ್ ತಂಡವನ್ನು ಸೋಲಿಸಿ ಆ ಕೊಂಡಿ ಕಳಚಿತು. 2023ರ ಫೈನಲ್‌ನಲ್ಲಿ ಕಾಲಿಂಗ್‌ವುಡ್ ಎದುರು ಬರೀ 4 ಅಂಕಗಳಿಂದ ಸೋತಿತು. 2024ರಲ್ಲಿ ಅಲ್ಲೇ ಸಿಡ್ನಿಯನ್ನು 60 ಅಂಕಗಳಿಂದ, 2025ರಲ್ಲಿ ಜಿಲಾಂಗ್‌ನ್ನು 47 ಅಂಕಗಳಿಂದ ಸೋಲಿಸಿ ಎರಡು ಕಪ್ ಗೆದ್ದಿತು. ತಂಡ ಬೆಳೆದದ್ದು ನಿಜ, ಅದರ ಜೊತೆಗೆ ಆ ನೆಲವೂ ಅದಕ್ಕೆ ಪರಿಚಯವಾಗಿತ್ತು.

ಹಾಗಾಗಿ ನಾನು ಕೇಳುವುದು ಇಷ್ಟೇ. ಫೈನಲ್ 2059ರವರೆಗೆ ಎಂಸಿಜಿಯಲ್ಲೇ ಇರುವುದಾದರೆ, ಹೊರಗಿನ ಪ್ರತಿ ತಂಡಕ್ಕೂ ಪ್ರತಿ ಸೀಸನ್‌ನಲ್ಲಿ ಅಲ್ಲಿ ಕನಿಷ್ಠ ನಾಲ್ಕು ಪಂದ್ಯ ಕೊಡಿ. ಅದೂ ಅಲ್ಲಿ ತವರು ಆಡುವ ತಂಡಗಳ ವಿರುದ್ಧವೇ. ಪರ್ತ್‌ನ ಎರಡು ತಂಡಗಳು ಹೇಗಿದ್ದರೂ ಮತ್ತೆ ಮತ್ತೆ ಮೆಲ್ಬರ್ನ್‌ಗೆ ಹಾರಿ ಬರುತ್ತವೆ. ಬಂದಾಗ ಡಾಕ್‌ಲ್ಯಾಂಡ್ಸ್ ಬದಲು ಎಂಸಿಜಿಗೆ ಕಳಿಸಲು ಹೊಸ ಒಪ್ಪಂದವೂ ಬೇಡ, ಹೊಸ ಕ್ರೀಡಾಂಗಣವೂ ಬೇಡ. 2028ಕ್ಕೆ ಟ್ಯಾಸ್ಮೇನಿಯಾದ ಹೊಸ ತಂಡವೂ ಸೇರಲಿದೆ, ಆಗ ವೇಳಾಪಟ್ಟಿಯನ್ನು ಹೇಗೂ ಹೊಸದಾಗಿ ಬರೆಯಲೇಬೇಕು. ಮುಂದಿನ ವೇಳಾಪಟ್ಟಿ ಬಂದಾಗ ಫ್ರಿಮ್ಯಾಂಟಲ್ ಹೆಸರಿನ ಮುಂದೆ ಎಂಸಿಜಿ ಎಷ್ಟು ಸಲ ಬಂದಿದೆ ಅಂತ ಎಣಿಸಿ ನೋಡಿ.